ಗೋಡೆಯೊಳಗಿನ ಒಂದು ಮೊಳ

೧೯೫೮ ಜನವರಿ ೭, ಮಂಗಳವಾರ

ಬೆಳಿಗ್ಗೆ ಉಳಿ ಮಸೆದೆ. ನಿನ್ನೆಯೂ ಮಸೆದಿದ್ದೆ. ಮೊನ್ನೆಯೂ. ಹೀಗೇ ಆದರೆ ಹಿಡಿ ಮಾತ್ರ ಉಳಿದೀತು. ಕೆಲಸ ಇಲ್ಲ ಅಂತಲ್ಲ. ಕೊಯಿಲದಲ್ಲಿ ಒಂದು ಕೊಟ್ಟಿಗೆಯ ಬಾಗಿಲು ಉಂಟು, ಎರಡು ಸಲ ಹೇಳಿ ಕಳುಹಿಸಿದರು. ಹೋಗಲಿಲ್ಲ.

ಕಮಲಾವತಿ ಗಂಜಿ ಬಡಿಸಿದಳು. "ಉಪ್ಪು ಸರಿ ಉಂಟಾ?" ಅಂದಳು. ಉಂಟು ಅಂದೆ. ಆಮೇಲೆ ತಾನು ಉಣ್ಣಲು ಕುಳಿತು ಒಂದು ತುತ್ತಿಗೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಉಪ್ಪೇ ಹಾಕಲಿಲ್ಲ ಮಾರಾಯ್ರೆ ನಾನು."

ಇವತ್ತಿಗೆ ಹದಿನಾರು ದಿನ. ಇದುವರೆಗೆ ಇಲ್ಲಿ ಬರೆದಿಲ್ಲ. ಈ ಪುಸ್ತಕ ಅಳತೆ ಬರೆಯಲಿಕ್ಕೆ ಇಟ್ಟದ್ದು. ಐದನೆಯ ಕ್ಲಾಸು ಅರ್ಧಕ್ಕೆ ಬಿಟ್ಟವನು ಇನ್ನೇನು ಬರೆಯುವುದು?

ಡಿಸೆಂಬರ್ ೨೨, ಆದಿತ್ಯವಾರ, ಬೆಳಿಗ್ಗೆ ಎಂಟು ಗಂಟೆ. ಊರಿನ ಭಜನಾಮಂದಿರದ ಹಂಚಿನ ಮಾಡು ಕುಸಿದು ಬಿತ್ತು. ಒಳಗೆ ತಿಮ್ಮಕ್ಕನ ಮಗಳು ಶೀಲಾವತಿ ದೀಪ ಉಜ್ಜುತ್ತಿದ್ದಳು. ಒಬ್ಬಳೇ. ಇಪ್ಪತ್ತೆರಡು ವರ್ಷ.

ಮರದ ಕೆಲಸ ನನ್ನದು. ಗೋಡೆ ಸಂಕಪ್ಪನದು.

ಸಾಕು.

ಜನವರಿ ೯

ಒಂದು ಬರೆದರೆ ಇನ್ನೊಂದನ್ನು ಬರೆಯಬೇಕಾಗುತ್ತದೆ. ಬರೆಯದೆ ಇದ್ದರೆ ಅದೇ ತಲೆಯೊಳಗೆ ಸುತ್ತುತ್ತದೆ.

ತೊಲೆಗೆ ಮರ ಕೊಟ್ಟದ್ದು ತಿಮ್ಮಕ್ಕ. ಮಗಳಿಗೆ ಟೈಫಾಯ್ಡ್ ಆದಾಗ ಮಂದಿರಕ್ಕೆ ಹರಕೆ ಹೇಳಿಕೊಂಡಿದ್ದರು. ಮಗಳು ಎದ್ದು ಕುಳಿತಳು. ಗುಡ್ಡೆಯ ಹಲಸಿನ ಮರ ಕಡಿಸಿ, ಗಾಡಿಗೆ ಹೇರಿಸಿ, ಮರದ ತಲೆಗೆ ಕುಂಕುಮ ಹಚ್ಚಿ ಕಳುಹಿಸಿದರು. ಕೊಯ್ದು ನೋಡುವಾಗ ಒಂದು ತುದಿಯಲ್ಲಿ ತಿರುಳು ಟೊಳ್ಳು. ಬೆರಳು ಹಾಕಿದರೆ ಹುಡಿ.

ಹರಕೆಯ ಮರವನ್ನು ಬೇಡ ಅನ್ನುವುದು ಹೇಗೆ? ಹುಡುಗಿಯ ಜೀವಕ್ಕೆ ಅಂತ ಕೊಟ್ಟದ್ದು. ಆಚಾರಿ ಬೇಡ ಅಂದ ಅಂತಾದರೆ, ನಾಳೆ ಅವಳಿಗೆ ಒಂದು ಜ್ವರ ಬಂದರೂ ನನ್ನ ತಲೆಗೆ. ಅದೇ ಹೆದರಿಕೆ. ಆ ತುದಿ ಹೇಗೂ ಗೋಡೆಯ ಒಳಗೆ ಒಂದು ಮೊಳ ಹೋಗುವಂಥದ್ದು, ಯಾರಿಗೂ ಕಾಣುವುದಿಲ್ಲ. ಹುಡಿ ಕೆರೆದೆ. ಮೇಣ, ಮರದ ಹುಡಿ ಕಲಸಿ ತುಂಬಿದೆ. ಮೇಲೆ ಕೀಸುಳಿ ಹೊಡೆದು ನಯ ಮಾಡಿದೆ. ಸಂಕಪ್ಪ ಕಲ್ಲಿಟ್ಟು ಮುಚ್ಚಿದ. "ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಕು ಆಚಾರ್ರೆ" ಅಂದ.

ಒಂದು ಮಳೆಗಾಲ ಗೋಡೆ ನೀರು ಕುಡಿಯಿತು. ಅಷ್ಟೇ.

ಬಿದ್ದ ದಿನ ಮರ ಬಿಡಿಸಲಿಕ್ಕೆ ನನ್ನನ್ನೇ ಕರೆದರು. ಆ ತುದಿಯನ್ನು ಕೊಯ್ದು ಮನೆಗೆ ತಂದೆ. ಬಚ್ಚಲ ಒಲೆಗೆ ಹಾಕಿದೆ. ಆ ನೀರಿನಲ್ಲೇ ಸ್ನಾನ ಮಾಡಿದೆ. ನೀರು ಚೆನ್ನಾಗಿ ಕಾದಿತ್ತು.

ಜನವರಿ ೧೨, ಆದಿತ್ಯವಾರ

ಮಂದಿರದ ಅಂಗಳದಲ್ಲಿ ಮೀಟಿಂಗು. ಕಲ್ಲಿನ ರಾಶಿ ಹಾಗೇ ಉಂಟು. ಮೊದಲು ಹೋದದ್ದು ತೊಲೆ, ಅದು ಎಳೆದು ಗೋಡೆ ಹೋದದ್ದು. ಆದರೆ ಜನ ಕಂಡದ್ದು ಕಲ್ಲನ್ನು.

ಅಧ್ಯಕ್ಷರು ಬೋಜಪ್ಪ ಗೌಡರು. "ಸಂಕಪ್ಪ, ನಿನ್ನ ಗೋಡೆ ಸರಿ ಇತ್ತಾ ಇಲ್ವಾ? ಒಂದು ಮಾತು ಹೇಳು."

"ಎಂತ ಹೇಳುದು ಗೌಡ್ರೆ. ಕೆಂಪು ಕಲ್ಲು, ಆ ವರ್ಷವೇ ಕಡಿದದ್ದು. ಒಂದು ಮಳೆ, ಒಂದು ಬಿಸಿಲು ತಿಂದ ಮೇಲೆ ಗಟ್ಟಿ ಆಗುದು. ನೀವು ಅವಸರ ಮಾಡಿದ್ರಿ, ನಾನು ಹಸಿಯೇ ಇಟ್ಟೆ."

"ಹಾಗಾದ್ರೆ ತಪ್ಪು ಗೋಡೆಯದ್ದೇ."

"ಇರ್ಲಿಕ್ಕೂ ಸಾಕು. ಇಡುವಾಗ ಸರಿ ಉಂಟು ಅಂತ್ಲೇ ಇಟ್ಟದ್ದು. ಈಗ ಗೊತ್ತಾಗುದಿಲ್ಲ."

ಹಿಂದಿನಿಂದ ಯಾರೋ, "ಕಟ್ಟಿದವನಿಗೇ ಗೊತ್ತಿಲ್ಲದಿದ್ರೆ ಗೋಡೆ ಮೇಲೆ ಕೂತ ಕೋಳಿಯನ್ನು ಕೇಳುದಾ?" ಅಂದರು. ಎರಡು ಮೂರು ಜನ ನಕ್ಕರು. ಸಂಕಪ್ಪನೂ ನಕ್ಕ. ಅವನ ಸ್ವಭಾವ ಹಾಗೆ.

ತೀರ್ಮಾನ ಆಯಿತು. ಮಾರ್ಚಿ ೨ರ ಆದಿತ್ಯವಾರ ಸೀಮೆಯ ದೇವಸ್ಥಾನದಲ್ಲಿ ಎಲ್ಲರೂ ಸೇರುವುದು. ಗೋಡೆ ಸರಿ ಇತ್ತು ಎಂದು ಸಂಕಪ್ಪ ದೇವರ ಎದುರು, ನಡೆಯಲ್ಲಿ ನಿಂತು ಪ್ರಮಾಣ ಮಾಡಬೇಕು. ಮಾಡಿದರೆ ಅವನು ಬಿಡುಗಡೆ. ಮಾಡದಿದ್ದರೆ ತಪ್ಪು ಅವನದು, ಮತ್ತೆ ಈ ಕಡೆ ಯಾರೂ ಅವನಿಂದ ಕಲ್ಲು ಇಡಿಸುವುದಿಲ್ಲ.

"ಆಚಾರ್ರೆ, ನೀವೆಂತಕ್ಕೆ ಮುಖ ಸಪ್ಪೆ ಮಾಡುದು? ಮರದ ಮೇಲೆ ಯಾರಿಗೂ ಸಂಶಯ ಇಲ್ಲ. ತಿಮ್ಮಕ್ಕನ ಹರಕೆಯ ಮರ ಅದು." ಬೋಜಪ್ಪ ಗೌಡರ ಮಾತು.

ತಲೆ ಆಡಿಸಿದೆ.

ತಿಮ್ಮಕ್ಕ ಬಂದಿರಲಿಲ್ಲ.

ಜನವರಿ ೨೧

ಲೋನಾವಳದಿಂದ ಭಾವನ ಕಾಗದ. ಕಮಲಾವತಿಯ ತಮ್ಮ ವೆಂಕಟ್ರಮಣ, ಅಲ್ಲಿ ರೈಲ್ವೆಯಲ್ಲಿ ಮರದ ಕೆಲಸ. ಇವಳೇ ಬರೆಸಿರಬೇಕು. "ಭಾವನನ್ನು ಒಂದು ತಿಂಗಳು ಇಲ್ಲಿಗೆ ಕಳುಹಿಸು, ಹವೆ ಬದಲಾದರೆ ಸರಿ ಹೋದೀತು."

"ಹೋಗಿ ಬನ್ನಿ" ಅಂದಳು. "ಇಲ್ಲಿ ಕುಳಿತು ಆ ಉಳಿಯನ್ನು ತಿನ್ನುದು ಬೇಡ."

ಅವಳಿಗೂ ಹೇಳಿಲ್ಲ. ಗೊತ್ತುಂಟಾ? ಬಚ್ಚಲ ಒಲೆಯ ಬೂದಿ ತೆಗೆಯುವವಳು ಅವಳು. ಬೂದಿಯಲ್ಲಿ ಎಂತ ಗೊತ್ತಾಗುತ್ತದೆ. ಮೇಣ ಕರಗಿ ಕಲ್ಲಿಗೆ ಹಿಡಿದಿದ್ದರೆ? ಹೋಗಿ ನೋಡಿದೆ. ಇಲ್ಲ. ಪುನಃ ನೋಡಿದೆ.

ಜನವರಿ ೨೭, ಸೋಮವಾರ, ಪುತ್ತೂರು

ಮಂಗಳೂರು ಬಸ್ಸಿಗೆ ಕಾಯುತ್ತಾ. ಮನೆಯಲ್ಲಿ ಕೆಲಸದ ಪೆಟ್ಟಿಗೆಗೆ ಬೀಗ ಹಾಕಿದೆನಾ? ಹಾಕಿದೆ. ಕೀಲಿಕೈ ಕಿಸೆಯಲ್ಲೇ ಉಂಟು. ಕೀಲಿಕೈ ಕಿಸೆಯಲ್ಲಿ ಇದ್ದರೆ ಬೀಗ ಹಾಕಿದ ಹಾಗಾ? ಹಾಕದೆಯೂ ಇರಬಹುದಲ್ಲ.

ಬರುವಾಗ ದಾರಿಯಲ್ಲಿ ಸಂಕಪ್ಪ ಸಿಕ್ಕಿದ. ಹೆಗಲ ಮೇಲೆ ಪಿಕಾಸು ಇಲ್ಲ. "ಎಲ್ಲಿಗೆ ಆಚಾರ್ರೆ, ಪೆಟ್ಟಿಗೆ ಹಿಡಿದು ಮದುಮಗನ ಹಾಗೆ?" ಅಂದ. ಹೇಳಿದೆ. "ಮಾರ್ಚಿ ಎರಡಕ್ಕೆ ಬರ್ತೀರಲ್ಲ? ನೀವು ಒಬ್ರು ಇದ್ರೆ ನನಗೆ ಧೈರ್ಯ."

ಬರುತ್ತೇನೆ ಅಂದೆ.

ಜನವರಿ ೩೧

ಲೋನಾವಳ ಮುಟ್ಟಿದೆ. ಘಟ್ಟದಲ್ಲಿ ವಾಂತಿ. ಹುಬ್ಬಳ್ಳಿಯಲ್ಲಿ ರೈಲು. ಪೂನಾದಲ್ಲಿ ಇನ್ನೊಂದು ರೈಲು. ಟಿಕೆಟು ಉಂಟಾ ಅಂತ ಎಷ್ಟು ಸಲ ಮುಟ್ಟಿ ನೋಡಿದೆನೋ, ಮೂಲೆಯೆಲ್ಲ ಮೆತ್ತಗಾಗಿತ್ತು. ಮೊದಲ ಸಲ ರೈಲು ಹತ್ತಿದ್ದು. ಎಲ್ಲರೂ ಹೇಗಾಯಿತು ಕೇಳುತ್ತಾರೆ. ಹೇಗೂ ಆಗಲಿಲ್ಲ.

ಇಲ್ಲಿ ಚಳಿ. ಭಾವ ಕಂಬಳಿ ಕೊಟ್ಟ.

ಫೆಬ್ರವರಿ ೨, ಆದಿತ್ಯವಾರ

ಭಾವನಿಗೆ ರಜೆ. "ಮನೆಯಲ್ಲಿ ಕೂತು ಮಾಡು ಎಣಿಸುದು ಬೇಡ. ನಡೀರಿ, ಒಂದು ದೇವಸ್ಥಾನ ತೋರಿಸ್ತೇನೆ. ನೀವು ಕಂಡದ್ದು ಅಂಥದ್ದಲ್ಲ." ಯಾವ ದೇವರು ಕೇಳಿದೆ. "ಬುದ್ಧ. ಆದ್ರೆ ಒಳಗೆ ಮೂರ್ತಿ ಇಲ್ಲ." ಮೂರ್ತಿ ಇಲ್ಲದ ದೇವಸ್ಥಾನ ಎಂಥದು ಅಂತ ಕೇಳುವಷ್ಟೂ ಮನಸ್ಸಾಗಲಿಲ್ಲ.

ಮಳವಲಿ ಎಂಬ ಸಣ್ಣ ಸ್ಟೇಶನಿನಲ್ಲಿ ಇಳಿದು ನಡೆದೆವು. ಕಾರ್ಲೆ ಗುಡ್ಡ. ಮೆಟ್ಟಲು ತುಂಬ. ಭಾವ ಮೂರು ಕಡೆ ಕುಳಿತ, ನಾನು ಕುಳಿತುಕೊಳ್ಳಲಿಲ್ಲ. ಆಯಾಸವೂ ಗೊತ್ತಾಗುವುದಿಲ್ಲ ಈಚೆಗೆ. ಮೇಲೆ ಬಾಗಿಲ ಎದುರಿಗೇ ಒಂದು ದೇವಿಯ ಗುಡಿ. ಸಮುದ್ರದ ಕಡೆಯ ಜನ ಕೋಳಿ ಹಿಡಿದುಕೊಂಡು ಗದ್ದಲ ಮಾಡುತ್ತಿದ್ದರು. ಒಂದು ಹೆಂಗಸು ನನ್ನ ಕೈಗೆ ಕೋಳಿ ಕೊಟ್ಟು ಸೆರಗು ಸರಿ ಮಾಡಿಕೊಂಡು ವಾಪಸು ತೆಗೆದುಕೊಂಡಳು. ಭಾವ ನಕ್ಕ, "ನಿಮ್ಮ ಮುಖ ನೋಡಿ ಕಂಬ ಅಂತ ಮಾಡಿದ್ಳು."

ಹೊರಗೆ ಒಂದು ದೊಡ್ಡ ಕಂಬ, ತಲೆಯ ಮೇಲೆ ಸಿಂಹಗಳು. ಅದನ್ನು ದಾಟಿ ಒಳಗೆ ಹೋದೆ.

ಬರೆಯಲಿಕ್ಕೆ ಬರುವುದಿಲ್ಲ. ಅಳತೆ ಬರೆಯುತ್ತೇನೆ.

ಕಟ್ಟಿದ್ದಲ್ಲ, ಒಂದೇ ಬಂಡೆಯನ್ನು ಒಳಕ್ಕೆ ಕೊರೆದದ್ದು. ಉದ್ದ ನನ್ನ ಹೆಜ್ಜೆಯಲ್ಲಿ ಐವತ್ತರ ಹತ್ತಿರ. ಎರಡು ಬದಿಗೆ ಕಂಬದ ಸಾಲು, ಒಂದೊಂದು ಬದಿಗೆ ಹದಿನೈದು. ಎಂಟು ಮೂಲೆಯ ಕಂಬ. ಬುಡದಲ್ಲಿ ಕೊಡ. ತಲೆಯ ಮೇಲೆ ಆನೆಗಳು, ಆನೆಯ ಮೇಲೆ ಗಂಡಹೆಂಡಿರು ಹೆಗಲಿಗೆ ಕೈ ಹಾಕಿ ಕುಳಿತಿದ್ದಾರೆ. ಬುಡದ ಕೊಡ ಯಾಕೆ ಅಂತ ಭಾವನಿಗೆ ಗೊತ್ತಿರಲಿಲ್ಲ. ನನಗೆ ನೋಡಿದ ಕೂಡಲೆ ಅನಿಸಿತು. ಮೊದಲು ಮರದ ಕಂಬ ನಿಲ್ಲಿಸುತ್ತಿದ್ದವರು, ಗೆದ್ದಲು ಹತ್ತದ ಹಾಗೆ ಬುಡವನ್ನು ಕೊಡದಲ್ಲಿ ಇಟ್ಟಿರಬೇಕು. ಕಲ್ಲಿಗೆ ಗೆದ್ದಲು ಎಲ್ಲಿಂದ? ಆದರೂ ಕೊಡ ಬಿಡಲಿಲ್ಲ. ಕಲ್ಲು ಕೆತ್ತಿದವರ ಕೈಗೆ ಆಚಾರಿಯ ಕೆಲಸವೇ ಗೊತ್ತಿದ್ದದ್ದು.

ಕೊನೆಯಲ್ಲಿ ಕವುಚಿಟ್ಟ ಹಂಡೆಯ ಹಾಗೆ ಕಲ್ಲಿನ ಸ್ತೂಪ. ಅದಕ್ಕೇ ಪೂಜೆಯಂತೆ. ಹಿಂದೆ ಬಾಗಿಲ ಮೇಲೆ ಕುದುರೆಯ ಲಾಳದ ಆಕಾರದ ದೊಡ್ಡ ಕಿಂಡಿ. ಅಷ್ಟು ದೂರದ ಬೆಳಕು ಬೇರೆಲ್ಲಿಯೂ ಬೀಳದೆ ಸ್ತೂಪದ ಮೇಲೆ ಬಿದ್ದಿತ್ತು. ಕಿಂಡಿಯ ಎತ್ತರ ಅಲ್ಲಿಂದಲೇ ಲೆಕ್ಕ ಹಾಕಿ ಕೊರೆದಿದ್ದಾರೆ. ಒಂದು ಗೇಣು ತಪ್ಪಿದ್ದರೆ ಬೆಳಕು ನೆಲಕ್ಕೆ.

"ಮೇಲೆ ನೋಡಿ" ಅಂದ ಭಾವ.

ನೋಡಿದೆ. ಮಾಡಿಗೆ ಪಕ್ಕಾಸು, ಹಂಚಿನ ಮನೆಯ ಹಾಗೆ! ದೋಣಿಯನ್ನು ಮಗುಚಿದ ಹಾಗೆ ಬಾಗಿದ ಮರದ ಪಕ್ಕಾಸುಗಳು, ಸಾಲು ಸಾಲು. ಕಲ್ಲಲ್ಲ, ಮರ.

"ಸಾಗುವಾನಿ. ಎರಡು ಸಾವಿರ ವರ್ಷ ಅಂತೆ ಭಾವ. ಹೇಳಿ, ನಿಮ್ಮ ಅಜ್ಜನ ಕೆಲಸ ಇಷ್ಟು ಬಾಳಿದ್ದುಂಟಾ?"

ಕುತ್ತಿಗೆ ನೋಯುವಷ್ಟು ಹೊತ್ತು ನೋಡಿದೆ. ಎಲ್ಲಿ ಕೂಡಿಸಿದ್ದಾರೆ, ಯಾವುದರ ಭಾರ ಯಾವುದಕ್ಕೆ ಇಳಿಯುತ್ತದೆ ಅಂತ ಹುಡುಕಿದೆ. ಆಮೇಲೆ ಗೊತ್ತಾಯಿತು. ಭಾರವೇ ಇಲ್ಲ. ಮೇಲೆ ಬಂಡೆ ತನ್ನಷ್ಟಕ್ಕೆ ನಿಂತಿದೆ. ಈ ಪಕ್ಕಾಸು ಒಂದು ಹಂಚನ್ನೂ ಹೊತ್ತಿಲ್ಲ, ಒಂದು ಮಳೆಯನ್ನೂ ಕಂಡಿಲ್ಲ. ಸುಮ್ಮನೆ ಇವೆ. ಒಂದು ಕ್ಷಣ ಸಮಾಧಾನ ಆಯಿತು. ಹೊರದಿದ್ದರೆ ಹಲಸು ಕೂಡ ಬಾಳುತ್ತಿತ್ತು. ನಾನೂ ಈಗ ಹಾಗೆಯೇ ಇದ್ದೇನೆ, ಮೇಲೆ ಏನೂ ಇಲ್ಲದ ಹಾಗೆ. ಹೊತ್ತವನು ಸಂಕಪ್ಪ.

ಸಮಾಧಾನ ಅಲ್ಲಿಗೇ ಹೋಯಿತು.

ಸ್ತೂಪದ ಹಿಂದೆ ಹೋದೆ. ಅಲ್ಲಿ ಕತ್ತಲೆ. ಅಲ್ಲಿಯೂ ಏಳು ಕಂಬ. ಇವಕ್ಕೆ ಕೊಡ ಇಲ್ಲ, ಆನೆ ಇಲ್ಲ. ಎದುರು ನಿಂತವನಿಗೆ ಕಾಣದ ಜಾಗ, ಅಲಂಕಾರ ಬಿಟ್ಟಿದ್ದಾರೆ. ಅಂಗೈಯಿಂದ ಮುಟ್ಟಿ ನೋಡಿದೆ. ಅಂಚು ಅಂಚಾಗಿಯೇ ಉಂಟು. ಒಂದು ಕಣ್ಣು ಮುಚ್ಚಿ ನೋಡಿದೆ. ನಂಬಲಿಲ್ಲ. ಕಿಸೆಯ ನೂಲಿಗೆ ಪೆಟ್ಟಿಗೆಯ ಕೀಲಿಕೈ ಕಟ್ಟಿ ತೂಗುಗುಂಡಿನ ಹಾಗೆ ಇಳಿಬಿಟ್ಟೆ.

"ಎಂತ ಮಾರಾಯ್ರೆ! ಬುದ್ಧನ ಕೆಲಸದ ಬಿಲ್ಲು ಪಾಸು ಮಾಡ್ಲಿಕ್ಕೆ ಬಂದವರಾ ನೀವು?"

ಏಳಕ್ಕೂ ಹಿಡಿದೆ. ಎದುರಿನ ಕಂಬಗಳ ಹಾಗೆಯೇ ನೇರ. ಹೂವಿಲ್ಲ, ಬಳ್ಳಿಯಿಲ್ಲ. ಆದರೆ ಯಾರೂ ನೋಡದ ಜಾಗ ಅಂತ ಒಂದು ನೂಲಿನಷ್ಟೂ ಸೋಮಾರಿತನ ಇಲ್ಲ. ಆ ಕತ್ತಲೆಯಲ್ಲಿ ಒಬ್ಬ ಕುಳಿತು ಉಳಿ ಹಿಡಿದಿದ್ದ. ಅವನಿಗೂ ಯಾವುದೋ ಅವಸರ ಇದ್ದಿರಬಹುದು. ಮೇಲಿನವರ ಬೈಗುಳ ಇದ್ದಿರಬಹುದು. ಆದರೂ...

ಭಾವ ಕರೆದ. ರೈಲಿಗೆ ಹೊತ್ತಾಯಿತು ಅಂತ.

ಅಳು ಬಂದರೆ ಒಳ್ಳೆಯದಿತ್ತು. ಬರಲಿಲ್ಲ. ಕೀಲಿಕೈ ಬಿಚ್ಚಿ ಕಿಸೆಗೆ ಹಾಕಿಕೊಂಡೆ.

ಫೆಬ್ರವರಿ ೪

ಭಾವನಿಗೆ ಹೇಳಿದೆ. ಮೇಣ, ಮೊಳ, ಬಚ್ಚಲ ಒಲೆ, ಎಲ್ಲ. ಬೆಳಗಿನ ಚಹಾ ಕುಡಿಯುತ್ತಾ. ನನ್ನ ಬಾಯಿಯೇ ಅಂತ ಅನಿಸಲಿಲ್ಲ, ಅಷ್ಟು ಸಲೀಸಾಗಿ ಬಂತು.

ಅವನು ಲೋಟ ಕೆಳಗಿಟ್ಟ. "ಅಕ್ಕನಿಗೆ ಗೊತ್ತುಂಟಾ?"

"ಇಲ್ಲ."

"ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ. ಸತ್ತ ಹುಡುಗಿ ಎದ್ದು ಬರ್ತಾಳಾ? ಆ ತಾಯಿಗೆ ಹೋಗಿ ಹೇಳುದಾ, ನಿಮ್ಮ ಹರಕೆಯ ಮರವೇ ನಿಮ್ಮ ಮಗಳ ಮೇಲೆ ಬಿದ್ದದ್ದು ಅಂತ? ಅದು ಪಾಪ ಅಲ್ವಾ?"

"ಸಂಕಪ್ಪ?"

"ಅವನು ಪ್ರಮಾಣ ಮಾಡ್ಲಿ. ಗೋಡೆ ಸರಿಯೇ ಇತ್ತಲ್ಲ, ಅವನಿಗೆ ದೇವರು ಎಂತ ಮಾಡ್ತಾನೆ? ಬಿಡುಗಡೆ ಆಗ್ತದೆ. ಮಾರ್ಚಿ ಕಳೆಯುವವರೆಗೆ ನೀವು ಇಲ್ಲೇ ಇರಿ. ನಮ್ಮ ಮೇಸ್ತ್ರಿಗೆ ಹೇಳ್ತೇನೆ, ರೈಲಿನ ಬಾಗಿಲು ಕಿಟಕಿ ಮಾಡುದು. ಮಾಡು ಕಟ್ಟುದು ಬೇಡ ಇನ್ನು."

ಸರಿ ಅಂತ ಕಂಡಿತು. ಸಂಕಪ್ಪ ಪ್ರಮಾಣ ಮಾಡಿದರೆ ಮುಗಿಯಿತು. ಯಾರಿಗೂ ನಷ್ಟ ಇಲ್ಲ. ಸರಿಯೇ.

ಫೆಬ್ರವರಿ ೫

ರೈಲಿನ ಕಿಟಕಿ. ಎರಡು.

ಫೆಬ್ರವರಿ ೧೧

ಕಿಟಕಿ.

ಫೆಬ್ರವರಿ ೧೯

ಕಮಲಾವತಿಯ ಕಾಗದ. ಅಂಚೆ ಮಾಸ್ತರರ ಕೈಯಲ್ಲಿ ಬರೆಸಿದ್ದು. ಇಲ್ಲಿ ಹಾಗೆಯೇ ಇಳಿಸುತ್ತೇನೆ. ಪುನಃ ಪುನಃ ಓದಿ ಕಾಗದ ಹರಿದೀತು.

"ಇಲ್ಲಿ ಕ್ಷೇಮ. ಸಂಕಪ್ಪ ಪ್ರಮಾಣ ಮಾಡುವುದಿಲ್ಲವಂತೆ. ಗೋಡೆ ಸರಿ ಇತ್ತು ಎಂದು ತನಗೇ ಗಟ್ಟಿ ಇಲ್ಲದೆ ದೇವರ ಎದುರು ಹೇಗೆ ಹೇಳುವುದು, ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುತ್ತೇನೆ ಎಂದನಂತೆ. ಮೊನ್ನೆ ತಿಮ್ಮಕ್ಕನ ಮನೆಗೆ ಹೋಗಿ ಅಂಗಳದಲ್ಲಿ ಅಡ್ಡಬಿದ್ದನಂತೆ. ಅವರು ಏಳು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಬಾವಿಗೆ ಕಲ್ಲು ಕಟ್ಟಲು ಕರೆದವರೂ ಈಗ ಅವನನ್ನು ಬೇಡ ಎಂದರು. ನಿಮ್ಮ ಆರೋಗ್ಯ ಹೇಗೆ. ಬಚ್ಚಲ ಒಲೆಯ ಕಲ್ಲು ಬದಲಿಸಿದ್ದೇನೆ."

ಕೊನೆಯ ಸಾಲು. ಅದಕ್ಕೆ ಎಂತ ಅರ್ಥ? ಕಲ್ಲು ಒಡೆದಿತ್ತಾ? ಒಡೆದಿರಬಹುದು. ಒಡೆದಿರಲಿಲ್ಲ.

ಮಾಡದ ತಪ್ಪನ್ನು ಅವನು ಒಪ್ಪಿಕೊಳ್ಳುತ್ತಾನೆ. ಅದೂ ದೇವರ ಎದುರು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಭಾವನ ಲೆಕ್ಕದಲ್ಲಿಯೂ ಇರಲಿಲ್ಲ.

ಸಂಜೆ ಭಾವನಿಗೆ ಹೇಳಿದೆ, ಹೋಗುತ್ತೇನೆ ಅಂತ. "ಹುಚ್ಚಾ ನಿಮಗೆ? ಕಡಬದಿಂದ ಸುಳ್ಯದವರೆಗೆ ಯಾರೂ ನಿಮ್ಮ ಕೈಗೆ ಒಂದು ಮಣೆ ಸಹ ಕೊಡುದಿಲ್ಲ ಮತ್ತೆ." ಗೊತ್ತುಂಟು ಅಂದೆ. ಸಿಟ್ಟು ಮಾಡಿಕೊಂಡ. ಆಮೇಲೆ ದಾರಿಗೆ ಅಂತ ಅವಲಕ್ಕಿ ಕಟ್ಟಿಕೊಟ್ಟ.

ಫೆಬ್ರವರಿ ೨೬

ಮನೆ. ಕಮಲಾವತಿ ನೀರು ಕೊಟ್ಟಳು. ಕುಳಿತೆ. ಅವಳೂ ಕುಳಿತಳು.

"ಮೇಣದ ವಾಸನೆ ಬಂದಿತ್ತು ಅವತ್ತೇ" ಅಂದಳು. "ನೀವು ಹೇಳ್ತೀರಿ ಅಂತ ಕಾದೆ."

ಅವಳು ಎದ್ದು ಗಂಜಿಗೆ ಇಟ್ಟಳು.

ಮಾರ್ಚಿ ೧, ಶನಿವಾರ

ತಿಮ್ಮಕ್ಕನ ಮನೆಗೆ ಹೋದೆ. ಎರಡು ದಿನ ಹೊರಟು ಎರಡು ದಿನವೂ ಗದ್ದೆಯ ಬದುವಿನವರೆಗೆ ಹೋಗಿ ತಿರುಗಿದ್ದೆ. ಇವತ್ತೂ ತಿರುಗುತ್ತಿದ್ದೆನೇನೋ, ಅವರು ಅಂಗಳದಿಂದಲೇ ಕಂಡರು. "ಆಚಾರಿ, ಬದುವಿನಲ್ಲಿ ಎಂತ ಅಳತೆ ಮಾಡುದು ದಿನಾಲೂ? ಬಾ."

ಜಗಲಿಯಲ್ಲಿ ಕುಳಿತು ಗೆರಸೆಯಲ್ಲಿ ಹುರುಳಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ನಾನು ಅಂಗಳದಲ್ಲಿ ನಿಂತೇ ಹೇಳಿದೆ. ಟೊಳ್ಳು ತುದಿ. ಮೇಣ. ಗೋಡೆಯೊಳಗೆ ಇಟ್ಟದ್ದು. ಕೊಯ್ದು ಸುಟ್ಟದ್ದು. ಸಂಕಪ್ಪನ ಗೋಡೆ ಸರಿ ಇತ್ತು ಅಂತ. ಹರಕೆಯ ಮರ, ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ ಅಂತ.

ಅವರು ಒಂದು ಕಲ್ಲು ಹೆಕ್ಕಿ ಆಚೆ ಎಸೆದರು. ಇನ್ನೊಂದು ಹೆಕ್ಕಿದರು.

"ನಾನು ಮರ ಅಂತ ಹರಕೆ ಹೇಳಿದ್ದಲ್ಲ" ಅಂದರು. "ಮಂದಿರಕ್ಕೆ ಒಂದು ತೊಲೆ ಅಂತ ಹೇಳಿದ್ದು. ಗುಡ್ಡೆಯಲ್ಲಿ ಇನ್ನೆರಡು ಹಲಸು ಇತ್ತು. ಈಗಲೂ ಉಂಟು. ಹಾಳಾಗಿದೆ ತಿಮ್ಮಕ್ಕ ಅಂತ ಒಂದು ಮಾತು ಹೇಳಿದ್ರೆ ಬೇರೆ ಕಡಿಸ್ತಿದ್ದೆ."

ನಾನು ನಿಂತಿದ್ದೆ.

"ಮೂರು ಮರ ಇತ್ತು ಆಚಾರಿ" ಅಂದರು ಪುನಃ. ಸ್ವರ ಏರಲಿಲ್ಲ. "ಅವಳು ಒಬ್ಬಳು."

ಹುರುಳಿ ಆರಿಸಿ ಆಯಿತು. ಗೆರಸೆ ಎತ್ತಿಕೊಂಡು ಒಳಗೆ ಹೋಗುವವರು ಬಾಗಿಲಲ್ಲಿ ನಿಂತರು. "ಸಂಕಪ್ಪನಿಗೆ ಹೇಳಿದ್ದೀಯಾ?"

"ಇಲ್ಲ. ನಾಳೆ ದೇವಸ್ಥಾನದಲ್ಲಿ..."

"ನಾಳೆ ಅಲ್ಲಿ ಎಲ್ಲರ ಎದುರು ಹೇಳು, ಅದು ಬೇರೆ. ಅದಕ್ಕೆ ಮೊದಲು ಅವನಿಗೊಬ್ಬನಿಗೆ ಹೇಳು. ಇಷ್ಟು ದಿನ ತನ್ನ ಕೈಯೇ ಕೊಂದದ್ದು ಅಂತ ಉಣ್ಣದೆ ಕೂತಿದ್ದಾನೆ ಅವನು. ಮತ್ತೆ ಅಲ್ಲಿ ಹೇಳುವಾಗ ತಲೆ ತಗ್ಗಿಸಿಕೊಂಡು ಹೇಳ್ಬೇಡ. ಹಿಂದೆ ಕೂತವರಿಗೆ ಕೇಳುದಿಲ್ಲ. ನಾನು ಹಿಂದೆ ಕೂತುಕೊಳ್ಳುದು."

ಬಾಗಿಲು ಹಾಕಿಕೊಂಡರು.

ಬರುವಾಗ ಗುಡ್ಡೆಯ ಬದಿಯಿಂದ ಬಂದೆ. ಎರಡೂ ಮರ ಉಂಟು. ಬುಡ ತಟ್ಟಿ ನೋಡಿದೆ. ಗಟ್ಟಿ.

ಮಾರ್ಚಿ ೨, ಆದಿತ್ಯವಾರ, ಬೆಳಿಗ್ಗೆ ಆರೂವರೆ

ಸ್ನಾನ ಆಯಿತು. ಕಮಲಾವತಿ ಒಗೆದ ಅಂಗಿ ತೆಗೆದಿಟ್ಟಿದ್ದಾಳೆ. ತಾನೂ ಬರುತ್ತೇನೆ ಅಂದಳು. ಬೇಡ ಅನ್ನಲಿಲ್ಲ.

ಗಂಜಿಗೆ ಉಪ್ಪು ಜಾಸ್ತಿ ಆಗಿತ್ತು. ಹೇಳಿದೆ. "ಹಾಂ, ಗೊತ್ತಾಯಿತಾ" ಅಂದಳು.

ನಿನ್ನೆ ಸಂಜೆ ಸಂಕಪ್ಪನ ಮನೆಗೆ ಹೋಗಿದ್ದೆ. ಇರಲಿಲ್ಲ. ಬೆಳಿಗ್ಗೆ ಅವನು ಇತ್ತ ಬರಲಿ, ಒಟ್ಟಿಗೆ ಹೋಗುವ ಅಂತ ಅವನ ಹೆಂಡತಿಗೆ ಹೇಳಿ ಬಂದೆ. ದಾರಿ ಎರಡು ಮೈಲಿ. ಹೊಳೆ ದಾಟುವ ಮೊದಲು ಹೇಳಬೇಕು. ಅಲ್ಲ, ದಾರಿಯಲ್ಲಿ ಬೇರೆಯವರು ಸೇರಿಕೊಂಡರೆ? ಇಲ್ಲೇ ಹೇಳಬೇಕು, ಜಗಲಿಯಲ್ಲಿ ಕುಳ್ಳಿರಿಸಿ. ಮೊದಲು ಮೇಣದ ವಿಷಯ ಹೇಳುವುದಾ, ಒಲೆಯ ವಿಷಯವಾ? ಕ್ಷಮಿಸು ಅಂತ ಮೊದಲಾ ಕೊನೆಗಾ? ಹೊಡೆದರೆ ಹೊಡೆಯಲಿ. ಹೊಡೆಯುವವನಲ್ಲ. ಅದೇ ಕಷ್ಟ.

ಏನೂ ಬೇಡ. "ಸಂಕಪ್ಪ, ನಿನ್ನ ಗೋಡೆ ಸರಿ ಇತ್ತು." ಅಷ್ಟೇ ಮೊದಲು. ಉಳಿದದ್ದು ಆಮೇಲೆ.

ಸಂಕಪ್ಪ, ನಿನ್ನ ಗೋಡೆ

ಅಂಗಳದಲ್ಲಿ ಕೆಮ್ಮಿದ ಶಬ್ದ. ಬಂದ. ಕಮಲಾವತಿ ಕುಳಿತುಕೊಳ್ಳಲು ಹೇಳುತ್ತಿದ್ದಾಳೆ, ಅವನು ಹೊತ್ತಾಗುತ್ತದೆ ಅನ್ನುತ್ತಿದ್ದಾನೆ. ನಾನು ಈಗ